‘ಕೇಸ್’ ಎಂಬ ಒಂದೇ ಪದಕ್ಕೆ ಸರಿಯಾದ ಕನ್ನಡ ಹುಡುಕುವ ಬಗೆ

ಅನುವಾದದ ಕೆಲಸಕ್ಕೆ ಇಳಿದ ಹೊಸತರಲ್ಲಿ ಅಬಕಾರಿ ದಾಳಿಯೊಂದರ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಇನ್ ಫೋರ್ಟೀನ್ ಕೇಸಸ್, ಸಿಕ್ಸ್ಟಿ ಕೇಸಸ್ ಆಫ್ ಲಿಕರ್ ವರ್ ಸೀಜ್ಡ್.’ ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಅರ್ಥವನ್ನೇ ನೆಚ್ಚಿಕೊಂಡು ‘14 ಪ್ರಕರಣಗಳಲ್ಲಿ ಮದ್ಯದ 60 ಪ್ರಕರಣಗಳನ್ನು ವಶಪಡಿಸಿಕೊಳ್ಳಲಾಗಿದೆ’ ಎಂದು ಬರೆದುಕೊಟ್ಟೆ. ಕರಡು ತಿದ್ದುತ್ತಿದ್ದ ಹಿರಿಯರು ಕನ್ನಡಕ ಹಣೆಗೇರಿಸಿ, ‘ಅಲ್ಲಪ್ಪ, ಪ್ರಕರಣವನ್ನು ಜೀಪಿಗೆ ಹೇಗೆ ತುಂಬಿದರಂತೆ?’ ಎಂದು ಕೇಳಿದಾಗಲೇ ನನಗೆ ತಪ್ಪು ಹೊಳೆದದ್ದು. ಮೊದಲನೆಯ ಕೇಸ್ ರಿಜಿಸ್ಟರಿನಲ್ಲಿ ದಾಖಲಾಗುವಂಥದ್ದು. ಎರಡನೆಯದು ಬಾಟಲಿ ತುಂಬಿದ ರಟ್ಟಿನ ಪೆಟ್ಟಿಗೆ. ‘14 ಪ್ರಕರಣಗಳಲ್ಲಿ 60 ಪೆಟ್ಟಿಗೆ ಮದ್ಯ’ ಎಂದಿದ್ದರೆ ಮುಗಿದುಹೋಗುತ್ತಿತ್ತು.

ಇಂಗ್ಲಿಷಿನಲ್ಲಿ ಬಹಳ ಬಳಕೆಯಲ್ಲಿರುವ ನಾಮಪದಗಳಲ್ಲಿ ‘ಕೇಸ್’ ಒಂದು. ಕೋರ್ಟು, ಆಸ್ಪತ್ರೆ, ವ್ಯಾಕರಣ, ಅಚ್ಚುಕೂಟ, ಅಂಗಡಿ, ಕಂಪ್ಯೂಟರು ಹೀಗೆ ಎಲ್ಲೆಡೆಯೂ ಅದು ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬರೆಯುವವರು, ಅದರಲ್ಲೂ ಅನುವಾದಿಸುವವರು, ಎಲ್ಲ ವೇಷಗಳಿಗೂ ‘ಪ್ರಕರಣ’ ಎಂಬ ಒಂದೇ ಅಂಗಿ ತೊಡಿಸುವುದು ಈಚೆಗೆ ಹೆಚ್ಚಾಗಿದೆ. ಈ ಪದ ಎದುರಾದಾಗ ಯಾವ ಕ್ರಮದಲ್ಲಿ ಯೋಚಿಸಿದರೆ ಸರಿಯಾದ ಮಾತು ಸಿಗುತ್ತದೆ ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ‘ಕೇಸ್’ಗೆ ಕನ್ನಡ ಪದ ಯಾವುದು ಎಂದು ಕೇಳಿಕೊಂಡರೆ ದಾರಿ ತಪ್ಪುತ್ತದೆ, ಆ ವಾಕ್ಯದಲ್ಲಿ ‘ಕೇಸ್’ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಎಷ್ಟೋ ಸಲ ಆ ಕೆಲಸವನ್ನು ಕನ್ನಡದಲ್ಲಿ ನಾಮಪದವೇ ಮಾಡುವುದಿಲ್ಲ.

ಮೊದಲ ಹಂತ: ಇದು ಯಾವ ‘ಕೇಸ್’?

ಒಂದೇ ಕಾಗುಣಿತ, ಒಂದೇ ಉಚ್ಚಾರವಿದ್ದರೂ ಇಂಗ್ಲಿಷಿನಲ್ಲಿರುವುದು ಎರಡು ಬೇರೆ ಬೇರೆ ‘ಕೇಸ್’ಗಳು, ಅವುಗಳ ನಡುವೆ ರಕ್ತಸಂಬಂಧವಿಲ್ಲ. ಒಂದು ಲ್ಯಾಟಿನಿನ ‘ಕಾಸುಸ್’ ಎಂಬ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದರ ಧಾತು ‘ಕಾಡೆರೆ’, ಅಂದರೆ ಬೀಳು. ಬಿದ್ದದ್ದು, ಒದಗಿಬಂದದ್ದು, ಸಂಭವಿಸಿದ್ದು ಎಂದು ಅರ್ಥ ಬೆಳೆಯುತ್ತ ಹೋಗಿ ಸಂದರ್ಭ, ಸಂಗತಿ, ಮೊಕದ್ದಮೆ ಎಲ್ಲವೂ ಅದರೊಳಗೆ ಸೇರಿಕೊಂಡವು. ‘ಆಕ್ಸಿಡೆಂಟ್’, ‘ಒಕೇಶನ್’, ‘ಕ್ಯಾಶುಯಲ್’ ಎಂಬ ಪದಗಳೂ ಇದೇ ಧಾತುವಿನ ಮಕ್ಕಳು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಕ್ಯಾಶುಯಲ್ ಲೀವ್’ ಎಂಬುದನ್ನು ‘ಸಾಂದರ್ಭಿಕ ರಜೆ’ ಎಂದು ಕರೆದವರು ಯಾರೋ, ಮೂಲಾರ್ಥವನ್ನು ಚೆನ್ನಾಗಿಯೇ ಹಿಡಿದಿದ್ದಾರೆ. ಲ್ಯಾಟಿನಿನ ಗಂಧವೇ ಇಲ್ಲದ ಹಳ್ಳಿಯ ಮಾತಿನಲ್ಲೂ ‘ಅವನ ಮೇಲೆ ಕೇಸು ಬಿತ್ತು’ ಎನ್ನುತ್ತಾರೆ ಎಂಬುದು ಕಾಕತಾಳೀಯವಾದರೂ ಸೊಗಸಾಗಿದೆ.

ಇನ್ನೊಂದು ‘ಕೇಸ್’ ಬಂದದ್ದು ಲ್ಯಾಟಿನಿನ ‘ಕಾಪ್ಸಾ’ ಎಂಬುದರಿಂದ. ಅದಕ್ಕೆ ಪೆಟ್ಟಿಗೆ ಎಂದರ್ಥ. ಹಿಡಿ, ತೆಗೆದುಕೊ ಎಂಬರ್ಥದ ‘ಕಾಪೆರೆ’ ಅದರ ಧಾತು. ಔಷಧದಂಗಡಿಯ ಕ್ಯಾಪ್ಸೂಲ್ ಎಂದರೆ ಪುಟ್ಟ ಪೆಟ್ಟಿಗೆ. ಕ್ಯಾಸೆಟ್ ಕೂಡ ಅದೇ ಕುಲ. ರೊಕ್ಕಕ್ಕೆ ಇಂಗ್ಲಿಷಿನವರು ಹೇಳುವ ‘ಕ್ಯಾಶ್’ ಮೊದಲು ಹಣದ ಪೆಟ್ಟಿಗೆಯ ಹೆಸರಾಗಿತ್ತು. ಹಾಗೆಂದು ನಮ್ಮ ‘ಕಾಸು’ ಅದರಿಂದ ಬಂತೆಂದು ಯಾರೂ ತಿಳಿಯಬಾರದು. ‘ಕಾಸು’ ದ್ರಾವಿಡ ಭಾಷೆಗಳ ಮಾತು. ದಕ್ಷಿಣ ಭಾರತದ ಸಣ್ಣ ನಾಣ್ಯಕ್ಕೆ ಯುರೋಪಿನವರು ‘ಕ್ಯಾಶ್’ ಎಂದು ಹೆಸರಿಟ್ಟದ್ದು ನಮ್ಮ ಪದವನ್ನು ಕೇಳಿಯೇ. ಎರಡು ‘ಕೇಸ್’ಗಳಿರುವಂತೆ ‘ಕ್ಯಾಶ್’ ಕೂಡ ಎರಡು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾದದ್ದು: ಇದನ್ನು ಕೈಯಲ್ಲಿ ಎತ್ತಿಡಬಹುದೇ? ಎತ್ತಿಡಬಹುದಾದರೆ ಅದು ಪೆಟ್ಟಿಗೆಯ ಕುಲದ ‘ಕೇಸ್’. ಇಲ್ಲವಾದರೆ ಬಿದ್ದು ಬಂದ ಕುಲದ್ದು.

ಎರಡನೆಯ ಹಂತ: ಅಕ್ಕಪಕ್ಕದ ಕ್ರಿಯಾಪದವನ್ನು ನೋಡಿ

ಒಂದು ಪದದ ಅರ್ಥವನ್ನು ಅದರ ನೆರೆಹೊರೆ ಹೇಳುತ್ತದೆ. ‘ಕೇಸ್’ ಜೊತೆಗೆ ‘ಫೈಲ್’, ‘ರಿಜಿಸ್ಟರ್’, ‘ಹಿಯರ್’, ‘ಡಿಸ್ಮಿಸ್’ ಎಂಬ ಕ್ರಿಯಾಪದಗಳು ಬಂದರೆ ಅದು ನ್ಯಾಯಾಲಯದ್ದು ಅಥವಾ ಪೊಲೀಸರದ್ದು. ‘ರಿಪೋರ್ಟ್’, ‘ಡಿಟೆಕ್ಟ್’, ‘ಟ್ರೀಟ್’ ಬಂದರೆ ಬಹುಮಟ್ಟಿಗೆ ಆಸ್ಪತ್ರೆಯದ್ದು. ‘ಮೇಕ್ ಎ ಕೇಸ್’ ಅಥವಾ ‘ಸ್ಟ್ರಾಂಗ್ ಕೇಸ್’ ಎಂದು ಬಂದಾಗ ಕೋರ್ಟಿನ ವಾಸನೆ ಇದ್ದರೂ ಮಾತು ಮೊಕದ್ದಮೆಯದ್ದಾಗಿರಬೇಕಿಲ್ಲ. ಅಲ್ಲಿ ಹೇಳುತ್ತಿರುವುದು ವಾದ, ಸಮರ್ಥನೆ, ಕಾರಣಗಳ ಬಲ. ‘ದೆರ್ ಈಸ್ ಎ ಸ್ಟ್ರಾಂಗ್ ಕೇಸ್ ಫಾರ್ ಟೀಚಿಂಗ್ ಇನ್ ಕನ್ನಡ’ ಎಂಬುದನ್ನು ‘ಕನ್ನಡದಲ್ಲಿ ಬೋಧಿಸಲು ಬಲವಾದ ಪ್ರಕರಣವಿದೆ’ ಎಂದು ಬರೆದರೆ ಓದುಗ ಪೊಲೀಸರನ್ನು ಹುಡುಕುತ್ತಾನೆ. ‘ಕನ್ನಡದಲ್ಲೇ ಬೋಧಿಸಬೇಕೆನ್ನಲು ಬಲವಾದ ಕಾರಣಗಳಿವೆ’ ಎಂಬುದು ಕನ್ನಡ.

ಮೂರನೆಯ ಹಂತ: ಕೋರ್ಟಿನ ‘ಕೇಸ್’ ಆಗಿದ್ದರೆ ಯಾವ ಬಗೆಯದ್ದೆಂದು ಗುರುತಿಸಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಕನ್ನಡದ ಸಂಪತ್ತು ಹೆಚ್ಚಿರುವುದೂ ಇಲ್ಲಿಯೇ. ಇಂಗ್ಲಿಷ್ ‘ಕೇಸ್’ ಎಂದು ಒಟ್ಟಾರೆ ಹೇಳಿ ಮುಗಿಸುವ ಕಡೆ ನಮ್ಮ ಕೋರ್ಟು ಕಚೇರಿಗಳ ಕನ್ನಡ ಒಂದೊಂದಕ್ಕೂ ಒಂದೊಂದು ಹೆಸರನ್ನು ಇಟ್ಟುಕೊಂಡಿದೆ.

ಆಸ್ತಿ, ಹಣ, ಕರಾರು, ವಿಭಾಗ ಮುಂತಾದ ಸಿವಿಲ್ ಜಗಳ ಕೋರ್ಟಿಗೆ ಹೋದರೆ ಅದು ‘ದಾವೆ’. ದಾವೆ ಹೂಡುವವನು ವಾದಿ, ಎದುರಿಗಿರುವವನು ಪ್ರತಿವಾದಿ. ವಕೀಲರು ‘ಓ.ಎಸ್. ನಂಬರ್’ ಎಂದು ಹೇಳುವುದು ಅಸಲು ದಾವೆಯ ಸಂಖ್ಯೆಯನ್ನು. ಅಪರಾಧದ ವಿಷಯವಾದರೆ ‘ಪ್ರಕರಣ’ ಅಥವಾ ‘ಮೊಕದ್ದಮೆ’; ಅಲ್ಲಿ ವಾದಿ ಪ್ರತಿವಾದಿಗಳ ಬದಲು ಫಿರ್ಯಾದಿ ಮತ್ತು ಆರೋಪಿ ಇರುತ್ತಾರೆ. ಠಾಣೆಯಲ್ಲಿ ಮೊದಲು ದಾಖಲಾಗುವುದು ಪ್ರಥಮ ವರ್ತಮಾನ ವರದಿ, ತನಿಖೆ ಮುಗಿದ ಮೇಲೆ ಸಲ್ಲಿಕೆಯಾಗುವುದು ದೋಷಾರೋಪಣ ಪಟ್ಟಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದ್ದರೂ ಈ ಕನ್ನಡ ಹೆಸರುಗಳು ಹಾಗೆಯೇ ಉಳಿದಿವೆ. ಕೆಳಗಿನ ಕೋರ್ಟಿನ ತೀರ್ಪನ್ನು ಒಪ್ಪದೆ ಮೇಲಿನ ಕೋರ್ಟಿಗೆ ಹೋದರೆ ಅದು ಮೇಲ್ಮನವಿ. ಸರ್ಕಾರದ ಆದೇಶವನ್ನು ಪ್ರಶ್ನಿಸಿ ನೇರವಾಗಿ ಹೈಕೋರ್ಟಿನ ಮೆಟ್ಟಿಲೇರಿದರೆ ಅದು ರಿಟ್ ಅರ್ಜಿ.

ರಸ್ತೆಯಲ್ಲಿ ಲಾರಿಯೊಂದು ಬೈಕಿಗೆ ಗುದ್ದಿತೆಂದು ಇಟ್ಟುಕೊಳ್ಳಿ. ಊರಿನವರ ಬಾಯಲ್ಲಿ ಅದು ಒಂದೇ ‘ಆಕ್ಸಿಡೆಂಟ್ ಕೇಸು’. ಆದರೆ ಕಡತಗಳು ಎರಡಾಗುತ್ತವೆ: ಚಾಲಕನ ಮೇಲೆ ಪೊಲೀಸರು ಹಾಕಿದ ಅಪರಾಧ ಪ್ರಕರಣ ಒಂದು, ಪೆಟ್ಟು ತಿಂದವರು ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ಹಾಕಿಕೊಂಡ ಪರಿಹಾರದ ಅರ್ಜಿ ಇನ್ನೊಂದು. ವರದಿಯಲ್ಲಿ ‘ದಿ ಕೇಸ್ ವಾಸ್ ಡಿಸ್ಮಿಸ್ಡ್’ ಎಂದಿದ್ದರೆ ಚಾಲಕ ಖುಲಾಸೆಯಾದನೋ, ಗಾಯಾಳುವಿನ ಅರ್ಜಿ ವಜಾ ಆಯಿತೋ ಎಂಬುದನ್ನು ತಿಳಿದುಕೊಳ್ಳದೆ ಕನ್ನಡದಲ್ಲಿ ಒಂದು ಸಾಲನ್ನೂ ಬರೆಯಬಾರದು. ‘ಪ್ರಕರಣ ವಜಾ’ ಎಂದು ಬರೆದು ಪಾರಾದವರು ಇಂಗ್ಲಿಷಿನ ಅಸ್ಪಷ್ಟತೆಯನ್ನು ಕನ್ನಡಕ್ಕೂ ಸಾಗಿಸಿದ್ದಾರೆ, ಅಷ್ಟೇ.

ಹೆಸರುವಾಸಿಯಾದ ತೀರ್ಪುಗಳ ಮಾತು ಬಂದಾಗ ಮಾತ್ರ ‘ಪ್ರಕರಣ’ ಎಂಬುದೇ ಸರಿಯಾಗಿ ಕೂರುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಸುಪ್ರೀಂ ಕೋರ್ಟಿಗೆ ಹಾಕಿದ್ದು ಕಡತದ ಲೆಕ್ಕದಲ್ಲಿ 1970ರ ಒಂದು ರಿಟ್ ಅರ್ಜಿ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ 1973ರ ಏಪ್ರಿಲ್ 24ರಂದು ಹೇಳಿದ ಮೇಲೆ ಅದು ‘ಕೇಶವಾನಂದ ಭಾರತಿ ಪ್ರಕರಣ’ವಾಯಿತು. 1989ರಲ್ಲಿ ರಾಜ್ಯ ಸರ್ಕಾರ ವಜಾಗೊಂಡದ್ದನ್ನು ಪ್ರಶ್ನಿಸಿ ಎಸ್.ಆರ್. ಬೊಮ್ಮಾಯಿಯವರು ನಡೆಸಿದ ಹೋರಾಟ ಕಡತದಲ್ಲಿ ಸಿವಿಲ್ ಮೇಲ್ಮನವಿ. 1994ರ ಮಾರ್ಚ್ 11ರ ತೀರ್ಪಿನ ನಂತರ ‘ಬೊಮ್ಮಾಯಿ ಪ್ರಕರಣ’. ಅಂದರೆ ಕಡತದ ಹೆಸರು ಅರ್ಜಿ, ದಾವೆ, ಮೇಲ್ಮನವಿ ಯಾವುದೇ ಇರಲಿ, ಅದರಲ್ಲಿ ಎದ್ದ ವಿವಾದವನ್ನೂ ತೀರ್ಪನ್ನೂ ಒಟ್ಟಾಗಿ ಹೇಳುವಾಗ ‘ಪ್ರಕರಣ’ ಎನ್ನಬಹುದು. ‘ಪ್ರಕರಣ’ಕ್ಕೆ ಅಧ್ಯಾಯ, ಭಾಗ ಎಂಬ ಹಳೆಯ ಅರ್ಥವೂ ಇದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣವನ್ನು ಸಂಧಿಪ್ರಕರಣ, ನಾಮಪ್ರಕರಣ, ಸಮಾಸಪ್ರಕರಣ ಎಂದು ಮುಂತಾಗಿ ವಿಂಗಡಿಸಿದ್ದಾನೆ. ಅಲ್ಲಿ ಯಾರ ಮೇಲೂ ಯಾರೂ ದೂರು ಕೊಟ್ಟಿಲ್ಲ.

ಇನ್ನು ಮಾತಿನ ಕನ್ನಡಕ್ಕೆ ಬಂದರೆ, ಉತ್ತರ ಕರ್ನಾಟಕದಲ್ಲಿ ಮರಾಠಿಯ ನೆರೆಯಿಂದ ಬಂದ ‘ಖಟ್ಲೆ’ ಇದೆ, ಹಳೆಯ ತಲೆಮಾರಿನವರ ಬಾಯಲ್ಲಿ ‘ವ್ಯಾಜ್ಯ’ ಇದೆ. ‘ವ್ಯಾಜ್ಯ’ ಎಂಬುದು ಕೋರ್ಟಿಗೆ ಹೋಗದ ಜಗಳಕ್ಕೂ ಸಲ್ಲುತ್ತದೆಂಬುದನ್ನು ಗಮನಿಸಬೇಕು. ಬದುವಿನ ವ್ಯಾಜ್ಯ ಪಂಚಾಯ್ತಿ ಕಟ್ಟೆಯಲ್ಲೇ ಇತ್ಯರ್ಥವಾಗಬಹುದು. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿದ್ದು ಅಲ್ಲಿ ಇತ್ಯರ್ಥವಾಗದೆ ಮುಂದೆ ಹೋದವುಗಳಿಂದ.

ಪೊಲೀಸ್ ಠಾಣೆಯ ಸುತ್ತ ಕೇಳಿಬರುವ ‘ಪೆಟ್ಟಿ ಕೇಸು’ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಪೆಟ್ಟಿ ಅಂಗಡಿಯಲ್ಲಿರುವ ‘ಪೆಟ್ಟಿ’ ನಮ್ಮ ಪೆಟ್ಟಿಗೆಯೇ. ಪೆಟ್ಟಿ ಕೇಸಿನಲ್ಲಿರುವುದು ಮಾತ್ರ ‘ಕ್ಷುಲ್ಲಕ’ ಎಂಬರ್ಥದ ಇಂಗ್ಲಿಷ್ ಪದ. ಲಿಖಿತ ಕನ್ನಡದಲ್ಲಿ ‘ಲಘು ಪ್ರಕರಣ’ ಎಂದರೆ ಸಾಕು.

ನಾಲ್ಕನೆಯ ಹಂತ: ಆಸ್ಪತ್ರೆಯ ‘ಕೇಸ್’ ರೋಗವೋ, ರೋಗಿಯೋ, ಲೆಕ್ಕವೋ?

ಆಸ್ಪತ್ರೆಯಲ್ಲಿ ‘ಕೇಸ್’ ಮೂರು ಕೆಲಸ ಮಾಡುತ್ತದೆ. ‘ಒಂದು ಸೀರಿಯಸ್ ಕೇಸ್ ಬಂದಿದೆ’ ಎಂದು ದಾದಿಯೊಬ್ಬರು ಫೋನಿನಲ್ಲಿ ಹೇಳಿದಾಗ ಅದು ರೋಗಿ. ‘ಇದು ಡೆಂಗಿ ಕೇಸ್’ ಎಂದು ವೈದ್ಯರು ಹೇಳಿದಾಗ ಅದು ರೋಗ. ‘ಜಿಲ್ಲೆಯಲ್ಲಿ ಈ ವಾರ ಹತ್ತು ಕೇಸ್’ ಎಂದಾಗ ಅದು ಎಣಿಕೆಯ ಘಟಕ. ಬರೆಯುವವರು ಇವನ್ನು ಬಿಡಿಸಬೇಕು. ರೋಗಿಯನ್ನು ಕುರಿತು ಬರೆಯುವಾಗ ‘ರೋಗಿ’, ‘ಗಾಯಾಳು’, ‘ಬಾಣಂತಿ’ ಎಂದು ಮನುಷ್ಯರ ಹೆಸರಿನಿಂದಲೇ ಕರೆಯಬೇಕೆಂಬುದು ನನ್ನ ಹಟ. ವೈದ್ಯರ ಅವಸರದಲ್ಲಿ ‘ಡೆಲಿವರಿ ಕೇಸ್’ ಎಂದು ಹೇಳುವುದು ಕ್ಷಮ್ಯ. ನಿಧಾನವಾಗಿ ಕುಳಿತು ಬರೆಯುವವರಿಗೆ ಆ ನೆಪವಿಲ್ಲ.

ಎಣಿಕೆಯ ‘ಕೇಸ್’ಗೆ ‘ಪ್ರಕರಣ’ ಒಗ್ಗಿಹೋಗಿದೆ. 2020ರಿಂದ ಎರಡು ವರ್ಷ ದಿನಬೆಳಗಾದರೆ ‘ಹೊಸ ಪ್ರಕರಣ’, ‘ಸಕ್ರಿಯ ಪ್ರಕರಣ’ ಎಂದು ಓದಿದ ಮೇಲೆ ಅದನ್ನು ಈಗ ಬದಲಿಸಲು ಹೊರಡುವುದು ವ್ಯರ್ಥ. ಒಬ್ಬನಿಗೇ ಎರಡು ಸಲ ಸೋಂಕು ತಗಲಿದರೆ ಪ್ರಕರಣ ಎರಡು, ಮನುಷ್ಯ ಒಬ್ಬನೇ. ಆದ್ದರಿಂದ ಅಂಕಿಅಂಶದ ಬರಹದಲ್ಲಿ ‘ಸೋಂಕಿತರು’ ಮತ್ತು ‘ಪ್ರಕರಣ’ ಎಂಬುವನ್ನು ಅದಲು ಬದಲು ಮಾಡುವಂತಿಲ್ಲ. ಆದರೆ ಎಣಿಕೆ ಇಲ್ಲದ ಕಡೆ ಸರಳವಾಗಿ ಹೇಳಬಹುದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ‘ಎ ಕೇಸ್ ವಾಸ್ ಡಿಟೆಕ್ಟೆಡ್’ ಎಂಬ ಸುದ್ದಿ ಬಂದರೆ ‘ಒಬ್ಬರಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದೆ’ ಎಂದು ಬರೆದರಾಯಿತು. ಮಲೆನಾಡಿನ ಓದುಗರಿಗೆ ಬೇಕಾಗಿರುವುದು ಆ ‘ಒಬ್ಬರು’ ಯಾವ ಊರಿನವರು ಎಂಬುದು.

‘ಕೇಸ್ ಶೀಟ್’ ಎಂಬುದನ್ನು ಆಸ್ಪತ್ರೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ‘ರೋಗಿಯ ವಿವರಪಟ್ಟಿ’ ಎಂದು ಬರೆದು ಜೊತೆಗೆ ‘ಕೇಸ್ ಶೀಟ್’ ಎಂದೂ ಒಮ್ಮೆ ಸೂಚಿಸುವುದು ಒಳ್ಳೆಯದು, ಏಕೆಂದರೆ ವಿಮೆಯ ಹಣಕ್ಕೆ ಅಲೆಯುವ ಓದುಗ ಕೌಂಟರಿನಲ್ಲಿ ಕೇಳಬೇಕಾದದ್ದು ಎರಡನೆಯ ಹೆಸರನ್ನು. ಅಂದಹಾಗೆ, ಪೊಲೀಸರಿಗೂ ತಿಳಿಸಬೇಕಾದ ಪ್ರಕರಣವನ್ನು ಆಸ್ಪತ್ರೆಯಲ್ಲಿ ‘ಮೆಡಿಕೋ ಲೀಗಲ್ ಕೇಸ್’, ಚಿಕ್ಕದಾಗಿ ಎಂ.ಎಲ್.ಸಿ. ಎನ್ನುತ್ತಾರೆ; ‘ಎಂ.ಎಲ್.ಸಿ. ಕೇಸ್’ ಎಂಬ ಬಳಕೆಯಲ್ಲಿ ಕೊನೆಯ ‘ಸಿ’ ಎಂಬುದೇ ‘ಕೇಸ್’. ‘ನಡುಮಧ್ಯೆ’ ಎಂದು ಹೇಳುವ ಜನರಾದ ನಮಗೆ ಇದು ಅಂಥ ದೊಡ್ಡ ಅಪರಾಧವಾಗಿ ಕಾಣಬಾರದು.

ಐದನೆಯ ಹಂತ: ‘ಉದಾಹರಣೆ’ಯ ಬಳಗದಲ್ಲಿ ಆಯ್ಕೆ

ಕೋರ್ಟು, ಆಸ್ಪತ್ರೆ ಎರಡೂ ಅಲ್ಲದ ‘ಕೇಸ್’ಗೆ ಇಂಗ್ಲಿಷಿನಲ್ಲಿ ‘ಇನ್‌ಸ್ಟನ್ಸ್’, ‘ಎಕ್ಸಾಂಪಲ್’, ‘ಸಿಚುಯೇಶನ್’, ‘ಮ್ಯಾಟರ್’ ಎಂಬ ಸಮಾನಾರ್ಥಕಗಳನ್ನು ಕೊಡುತ್ತಾರೆ. ಸಮಾನಾರ್ಥಕ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕಣ್ಣುಮುಚ್ಚಿ ಇಡಬಹುದು ಎಂದಲ್ಲ. ಕನ್ನಡದಲ್ಲೂ ಈ ಬಳಗ ದೊಡ್ಡದು, ಒಬ್ಬೊಬ್ಬರ ಸ್ವಭಾವವೂ ಬೇರೆ. ನಡೆದದ್ದನ್ನು ಹೇಳುವುದು ‘ಘಟನೆ’. ಅದು ನಡೆದಾಗ ಸುತ್ತಮುತ್ತ ಇದ್ದ ಸ್ಥಿತಿ ‘ಸಂದರ್ಭ’. ಆ ಸ್ಥಿತಿ ದೃಶ್ಯದಂತೆ ಕಣ್ಣಿಗೆ ಕಟ್ಟುವ ಹಾಗಿದ್ದರೆ ‘ಸನ್ನಿವೇಶ’. ಆದಿ ಅಂತ್ಯಗಳಿದ್ದು ಕಥೆಯಂತೆ ಹೇಳಬಹುದಾದದ್ದು ‘ಪ್ರಸಂಗ’. ಯಕ್ಷಗಾನದವರು ಅದನ್ನು ರಾತ್ರಿಯಿಡೀ ಆಡುತ್ತಾರೆ. ಒಂದು ನಿಯಮವನ್ನು ಅರ್ಥ ಮಾಡಿಸಲು ಕೊಡುವುದು ‘ಉದಾಹರಣೆ’; ಅದನ್ನು ಕಲ್ಪಿಸಿಕೊಂಡೂ ಕೊಡಬಹುದು. ಹೇಳಿದ ಮಾತು ನಿಜವೆಂದು ತೋರಿಸಲು ಕೊಡುವುದು ‘ನಿದರ್ಶನ’. ಅದು ವಾಸ್ತವದಲ್ಲಿ ಇದ್ದದ್ದೇ ಆಗಿರಬೇಕು.

ಹೀಗಾಗಿ ‘ಎ ಕೇಸ್ ಇನ್ ಪಾಯಿಂಟ್’ ಎಂಬುದಕ್ಕೆ ‘ಇದಕ್ಕೊಂದು ನಿದರ್ಶನ’ ಎಂಬುದೇ ಹೆಚ್ಚು ಸರಿ. ‘ಕೇಸ್ ಸ್ಟಡಿ’ ಎಂಬುದಕ್ಕೆ ‘ಪ್ರಕರಣ ಅಧ್ಯಯನ’ ಎಂಬ ಪಾರಿಭಾಷಿಕ ಪದ ವಿಶ್ವವಿದ್ಯಾಲಯಗಳಲ್ಲಿ ನೆಲೆಯೂರಿದೆ. ಸಂಶೋಧನಾ ಪ್ರಬಂಧದಲ್ಲಿ ಅದನ್ನೇ ಬಳಸಬೇಕು. ಸಾಮಾನ್ಯ ಓದುಗರಿಗೆ ಬರೆಯುವಾಗ ‘ಒಂದು ಹಳ್ಳಿಯನ್ನು ಆರಿಸಿಕೊಂಡು ಆಳವಾಗಿ ಅಭ್ಯಾಸ ಮಾಡಿದರು’ ಎಂದರೆ ಅರ್ಥವೂ ತಲುಪುತ್ತದೆ, ಭಯವೂ ಆಗುವುದಿಲ್ಲ.

ಮನುಷ್ಯನನ್ನೇ ‘ಕೇಸ್’ ಎಂದು ಕರೆಯುವ ಲಘು ಬಳಕೆಯೂ ಇದೆ. ಅದಕ್ಕೆ ನಮ್ಮಲ್ಲಿ ‘ಆಸಾಮಿ’ ಸಿದ್ಧವಾಗಿದೆ: ‘ವಿಚಿತ್ರ ಆಸಾಮಿ’. ಇದೇ ಪದ ಬಂಗಾಳಿಯಲ್ಲಿ ಇಂದಿಗೂ ಆರೋಪಿ ಎಂಬ ಅರ್ಥದಲ್ಲಿದೆ. ನಮ್ಮಲ್ಲಿ ಮಾತ್ರ ಕಚೇರಿಯ ಹೊಸಿಲು ದಾಟಿ ಬೀದಿಗೆ ಬಂದು ನಗುತ್ತ ನಿಂತಿದೆ.

ಆರನೆಯ ಹಂತ: ಪೆಟ್ಟಿಗೆಯಾಗಿದ್ದರೆ ಒಳಗೇನಿದೆ ಎಂದು ನೋಡಿ

ಇಂಗ್ಲಿಷಿನವರು ಏನನ್ನು ಇಟ್ಟರೂ ‘ಕೇಸ್’ ಎನ್ನುತ್ತಾರೆ. ಕನ್ನಡ ಒಳಗಿರುವ ವಸ್ತುವಿಗೆ ತಕ್ಕಂತೆ ಹೆಸರಿಡುತ್ತದೆ. ಕತ್ತಿಗೆ ಒರೆ, ಬಾಣಕ್ಕೆ ಬತ್ತಳಿಕೆ, ದಿಂಬಿಗೆ ಗವಸು, ಪುಸ್ತಕಕ್ಕೆ ಕಪಾಟು, ಕನ್ನಡಕಕ್ಕೆ ಡಬ್ಬಿ. ಸೂಟ್‌ಕೇಸ್, ಬ್ರೀಫ್‌ಕೇಸ್‌ಗಳು ಹಾಗೆಯೇ ಉಳಿಯುತ್ತವೆ. ನಡುಮನೆಯ ಗೋಡೆಯಲ್ಲಿ ಬೊಂಬೆ, ಬಹುಮಾನದ ಕಪ್ಪುಗಳನ್ನಿಡುವ ಶೋಕೇಸ್ ಕೂಡ ನಮ್ಮದೇ ಆಗಿಬಿಟ್ಟಿದೆ. ಮೊಬೈಲಿನ ಕೇಸ್ ಎಂದರೆ ಅಂಗಡಿಯವನಿಗೆ ತಿಳಿಯುತ್ತದಾದರೂ ಬೀದಿಯ ಮಾತು ‘ಕವರ್’ ಅಥವಾ ‘ಪೌಚ್’.

ಸಗಟು ವ್ಯಾಪಾರದ ‘ಕೇಸ್’ ಮಾತ್ರ ಅಳತೆಯೂ ಹೌದು. ಬಿಯರಿನ ಒಂದು ಕೇಸ್ ಎಂದರೆ ಸಾಮಾನ್ಯವಾಗಿ 650 ಮಿಲಿಲೀಟರಿನ 12 ಬಾಟಲಿ, ಅಂದರೆ 7.8 ಲೀಟರ್; 180 ಮಿಲಿಲೀಟರಿನ ಮದ್ಯದ ಬಾಟಲಿಗಳಾದರೆ 48, ಅಂದರೆ 8.64 ಲೀಟರ್. ಅಂಥ ಕಡೆ ‘ಪೆಟ್ಟಿಗೆ’ ಅಥವಾ ‘ಬಾಕ್ಸ್’ ಎಂದು ಬರೆದು ಎಷ್ಟು ಬಾಟಲಿಯದ್ದು ಎಂಬುದನ್ನೂ ಹೇಳಿದರೆ ಓದುಗನಿಗೆ ಪ್ರಮಾಣದ ಅಂದಾಜು ಸಿಗುತ್ತದೆ. ಮೇಲೆ ಹೇಳಿದ ಅಬಕಾರಿ ವರದಿಯನ್ನು ತಿದ್ದುವಾಗ ಹಿರಿಯರು ನನ್ನಿಂದ ಇದನ್ನೂ ಬರೆಸಿದ್ದರು.

ಏಳನೆಯ ಹಂತ: ವ್ಯಾಕರಣ ಮತ್ತು ಅಚ್ಚುಕೂಟ

ವ್ಯಾಕರಣದ ‘ಕೇಸ್’ ಎಂದರೆ ವಿಭಕ್ತಿ. ಗ್ರೀಕರು ನಾಮಪದದ ರೂಪ ಬದಲಾಗುವುದನ್ನು ‘ಬೀಳುವಿಕೆ’ ಎಂದು ಕಲ್ಪಿಸಿಕೊಂಡರು. ಲ್ಯಾಟಿನಿನವರು ಅದನ್ನೇ ‘ಕಾಸುಸ್’ ಎಂದು ಅನುವಾದಿಸಿದರು. ಅದು ಇಂಗ್ಲಿಷಿಗೆ ‘ಕೇಸ್’ ಆಗಿ ಬಂತು. ನಮ್ಮ ವೈಯಾಕರಣರು ಅದನ್ನು ‘ವಿಭಕ್ತಿ’, ಅಂದರೆ ವಿಭಾಗ, ಎಂದು ಕರೆದರು. ‘ನಾಮಿನೇಟಿವ್’ ಪ್ರಥಮಾ, ‘ಅಕ್ಯುಸೇಟಿವ್’ ದ್ವಿತೀಯಾ, ‘ಡೇಟಿವ್’ ಚತುರ್ಥೀ, ‘ಜೆನಿಟಿವ್’ ಷಷ್ಠೀ, ‘ಲೋಕೇಟಿವ್’ ಸಪ್ತಮೀ ಎಂದು ಹೊಂದಿಸಿಕೊಂಡರೆ ಭಾಷಾಶಾಸ್ತ್ರದ ಬರಹ ಸಲೀಸಾಗಿ ಓದಿಸಿಕೊಳ್ಳುತ್ತದೆ.

‘ಅಪ್ಪರ್ ಕೇಸ್’, ‘ಲೋವರ್ ಕೇಸ್’ಗಳಲ್ಲಿರುವುದು ಪೆಟ್ಟಿಗೆಯ ಕುಲದ ‘ಕೇಸ್’. ಕೈಯಿಂದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳ ಮೊಳೆಗಳನ್ನು ಮೇಲಿನ ಪೆಟ್ಟಿಗೆಯ ಮನೆಗಳಲ್ಲೂ ಸಣ್ಣಕ್ಷರಗಳನ್ನು ಕೈಗೆ ಹತ್ತಿರವಾದ ಕೆಳಗಿನ ಪೆಟ್ಟಿಗೆಯಲ್ಲೂ ಇಡುತ್ತಿದ್ದರು. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ. ನಮ್ಮ ಮೊಳೆ ಜೋಡಿಸುವವರ ಕಷ್ಟವಿದ್ದದ್ದು ಗುಣಿತಾಕ್ಷರ, ಒತ್ತಕ್ಷರಗಳ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ. ಅರ್ಜಿ ತುಂಬುವ ಜಾಲತಾಣವೊಂದರ ಕನ್ನಡ ಸೂಚನೆಯಲ್ಲಿ ‘ಪಾಸ್‌ವರ್ಡ್‌ನಲ್ಲಿ ಒಂದು ಮೇಲಿನ ಪ್ರಕರಣ ಇರಬೇಕು’ ಎಂಬ ಸಾಲನ್ನು ಓದಿ ನನ್ನ ಸೋದರತ್ತೆ ‘ನನ್ನ ಮೇಲೆ ಯಾವ ಪ್ರಕರಣವೂ ಇಲ್ಲವಲ್ಲೋ’ ಎಂದು ಗಾಬರಿಯಾಗಿ ಫೋನು ಮಾಡಿದ್ದರು. ‘ಇಂಗ್ಲಿಷಿನ ಒಂದು ದೊಡ್ಡಕ್ಷರ ಇರಬೇಕು’ ಎಂದಷ್ಟೇ ಅಲ್ಲಿ ಬೇಕಾಗಿದ್ದ ಮಾತು.

ಎಂಟನೆಯ ಹಂತ: ‘ಇನ್ ಕೇಸ್’ ಕಂಡರೆ ನಾಮಪದವನ್ನು ಮರೆತುಬಿಡಿ

ಮೇಲಿನ ಎಲ್ಲ ಹಂತಗಳಲ್ಲಿ ಒಂದು ನಾಮಪದದ ಬದಲು ಇನ್ನೊಂದು ನಾಮಪದ ಹುಡುಕಿದೆವು. ಇಲ್ಲಿ ಆ ಅಭ್ಯಾಸವನ್ನೇ ಬಿಡಬೇಕು. ಕಟ್ಟಡಗಳ ಗೋಡೆಯ ಮೇಲೆ ‘ಬೆಂಕಿಯ ಸಂದರ್ಭದಲ್ಲಿ ಮೆಟ್ಟಿಲುಗಳನ್ನು ಬಳಸಿ’ ಎಂಬ ಫಲಕವನ್ನು ನೀವೂ ನೋಡಿರಬಹುದು. ‘ಇನ್ ಕೇಸ್ ಆಫ್ ಫೈರ್’ ಎಂಬುದರ ನೆರಳು ಅದು. ಮದುವೆಯ ಸಂದರ್ಭ, ಹಬ್ಬದ ಸಂದರ್ಭ ಎನ್ನುವಂತೆ ಬೆಂಕಿಯ ಸಂದರ್ಭ! ಕನ್ನಡದಲ್ಲಿ ಷರತ್ತನ್ನು ಹೇಳುವ ಭಾರ ಕ್ರಿಯಾಪದದ ಕೊನೆಯ ‘-ರೆ’ ಎಂಬ ಒಂದಕ್ಷರದ ಮೇಲಿದೆ. ‘ಬೆಂಕಿ ಬಿದ್ದರೆ ಮೆಟ್ಟಿಲಿನಿಂದಲೇ ಇಳಿಯಿರಿ’ ಎಂದರೆ ಹೊಗೆಯ ನಡುವೆ ಓಡುವವನಿಗೂ ಅರ್ಥವಾಗುತ್ತದೆ.

ಇದೇ ಬಗೆಯಲ್ಲಿ ‘ಇನ್ ದಟ್ ಕೇಸ್’ ಎಂದರೆ ‘ಹಾಗಿದ್ದರೆ’ ಅಥವಾ ‘ಹಾಗಾದರೆ’. ‘ಆ ಸಂದರ್ಭದಲ್ಲಿ’ ಎಂದು ಬರೆದರೆ ಕಾಲವನ್ನು ಹೇಳಿದಂತಾಗುತ್ತದೆ. ‘ಇನ್ ಎನಿ ಕೇಸ್’ ಎಂದರೆ ‘ಏನೇ ಆಗಲಿ’, ‘ಹೇಗಿದ್ದರೂ’. ಇದನ್ನು ‘ಯಾವುದೇ ಸಂದರ್ಭದಲ್ಲಿ’ ಎಂದು ಬರೆಯುವುದು ತಪ್ಪೇ ಸರಿ, ಏಕೆಂದರೆ ‘ಯಾವುದೇ ಸಂದರ್ಭದಲ್ಲೂ ಕೂಡದು’ ಎಂಬುದು ಬೇರೆ ಮಾತು, ಅದು ನಿಷೇಧ. ‘ಟೇಕ್ ಆನ್ ಅಂಬ್ರೆಲಾ, ಜಸ್ಟ್ ಇನ್ ಕೇಸ್’ ಎಂಬುದಕ್ಕೆ ಅಮ್ಮಂದಿರು ದಿನಾ ಹೇಳುವ ಮಾತೇ ಇದೆ: ‘ಯಾವುದಕ್ಕೂ ಇರಲಿ, ಛತ್ರಿ ತಗೊಂಡು ಹೋಗು.’ ‘ಇಫ್ ದಟ್ ಈಸ್ ದಿ ಕೇಸ್’ ಎಂಬುದು ‘ಅದು ನಿಜವಾದರೆ’. ‘ದಟ್ ಈಸ್ ನಾಟ್ ದಿ ಕೇಸ್’ ಎಂಬುದು ‘ಹಾಗೇನಿಲ್ಲ’. ‘ಕೇಸ್ ಬೈ ಕೇಸ್’ ಎಂಬುದು ‘ಒಂದೊಂದನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ’. ‘ವರ್ಸ್ಟ್ ಕೇಸ್’ ಎಂದರೆ ‘ತೀರಾ ಕೆಟ್ಟದ್ದೆಂದರೆ’. ಇವುಗಳಲ್ಲಿ ಒಂದರಲ್ಲಾದರೂ ‘ಕೇಸ್’ಗೆ ಸಮನಾದ ನಾಮಪದ ಇಲ್ಲವೆಂಬುದನ್ನು ಗಮನಿಸಿ, ಆದರೂ ಅರ್ಥದಲ್ಲಿ ಏನೂ ಕಳೆದುಹೋಗಿಲ್ಲ. ಕಾನೂನಿನ ಭಾಷೆಯ ‘ಆಸ್ ದಿ ಕೇಸ್ ಮೇ ಬಿ’ ಎಂಬುದಕ್ಕೆ ‘ಸಂದರ್ಭಾನುಸಾರ’ ಎಂಬ ರೂಢಿಯ ಪದವಿದೆ. ಅಧಿಸೂಚನೆ, ಕರಾರುಪತ್ರಗಳಲ್ಲಿ ಅದನ್ನು ಬದಲಿಸಲು ಹೋಗಬಾರದು.

ಒಂಬತ್ತನೆಯ ಹಂತ: ತಿರುಗಿಸಿ ನೋಡಿ, ಗಟ್ಟಿಯಾಗಿ ಓದಿ

ಪದ ಸಿಕ್ಕಿದ ಮೇಲೆ ಅದನ್ನು ಹಿಂದುಮುಂದಾಗಿ ಪರೀಕ್ಷಿಸಬೇಕು. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಆರಿಸಿಕೊಂಡ ಕನ್ನಡ ಪದವನ್ನು ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ತೆಗೆದು, ಅಲ್ಲಿ ಕೊಟ್ಟಿರುವ ಇಂಗ್ಲಿಷ್ ಅರ್ಥಗಳು ನಿಮ್ಮ ಮೂಲ ವಾಕ್ಯಕ್ಕೆ ಹೊಂದುತ್ತವೆಯೇ ಎಂದು ನೋಡಿ. ಇದಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇಂದಿಗೂ ಉಪಯುಕ್ತ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟು ಹತ್ತಿರವಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಪದ ಬಳಕೆಯಾದ ವಾಕ್ಯಗಳೂ ಸಿಗುತ್ತವೆ. ಬಳಿಕ ವಾಕ್ಯವನ್ನು ಮನೆಯವರೆದುರು ಗಟ್ಟಿಯಾಗಿ ಓದಿ. ಅವರು ‘ಏನಂದೆ?’ ಎಂದು ಕೇಳಿದರೆ ಇನ್ನೊಮ್ಮೆ ಬರೆಯಿರಿ.

ಎಲ್ಲ ಪರೀಕ್ಷೆಯ ನಂತರವೂ ‘ಕೇಸು’ ಎಂಬುದೇ ಹೆಚ್ಚು ಸಹಜವಾಗಿ ಕೇಳಿಸಿದರೆ ಅದನ್ನೇ ಉಳಿಸಿಕೊಳ್ಳಲು ಅಂಜಬೇಕಿಲ್ಲ. ಕಥೆಯ ಸಂಭಾಷಣೆಯಲ್ಲಿ ರೈತನೊಬ್ಬ ‘ತಮ್ಮನ ಮೇಲೆ ಮೊಕದ್ದಮೆ ಹೂಡಿದ್ದೇನೆ’ ಎನ್ನುವುದಿಲ್ಲ, ‘ಕೇಸು ಹಾಕಿದೀನಿ’ ಎನ್ನುತ್ತಾನೆ. ಕೈತಪ್ಪಿದ್ದನ್ನು ‘ಅದು ಹೋದ ಕೇಸು ಬಿಡಿ’ ಎನ್ನುತ್ತಾನೆ. ಹೀಗೆ ಉಳಿಸಿಕೊಂಡಾಗ ಅರ್ಧಾಕ್ಷರದ ‘ಕೇಸ್’ಗಿಂತ ಉಕಾರ ಹಚ್ಚಿದ ‘ಕೇಸು’ ಕನ್ನಡದ ವಾಕ್ಯಕ್ಕೆ ಸುಲಭವಾಗಿ ಹೊಂದುತ್ತದೆ: ಕೇಸನ್ನು, ಕೇಸಿನಿಂದ, ಕೇಸಿಗೆ, ಕೇಸಿನ, ಕೇಸಿನಲ್ಲಿ. ಇಂಗ್ಲಿಷಿನ ‘ಕೇಸ್’ಗೆ ತನ್ನ ಭಾಷೆಯಲ್ಲಿ ದಕ್ಕಿದ್ದು ಷಷ್ಠಿಯೊಂದರ ಚಿಹ್ನೆ ಮಾತ್ರ, ನಮ್ಮಲ್ಲಿಗೆ ಬಂದ ಮೇಲೆ ಅದಕ್ಕೆ ಅಷ್ಟೂ ವಿಭಕ್ತಿಗಳು ಸಿಕ್ಕಿವೆ.